ಬೆಬಿಯಾ ಮನೇಲಿ ಕೇಳಿದ ಕಾಂಚೇಲಿ

ತಂಗಿ ಜಾರ್ಜಿಯಾದ ರಾಜಧಾನಿ ತ್ಬಿಲಿಸೀಲಿ ಮೆಡಿಕಲ್ ಓದ್ತಾ ಇದಾಳೆ, ಅವಳನ್ನ ನೋಡ್ಕೊಂಡು ಬರೋಕೆ ಅಂತ ಜಾರ್ಜಿಯಾಗೆ ಹೋಗಿದ್ದೆ. ಜೊತೆಗೆ ಇನ್ನೊಂದು ಆಸೆನೂ ಇತ್ತು, ಗಿಯಾ ಕಾಂಚೇಲಿ ಕೆಲಸ ಮಾಡಿದ ರುಸ್ತಾವೆಲಿ ಥಿಯೇಟರ್‌ನ ಹೊರಗಡೆಯಿಂದ ಆದ್ರೂ ನೋಡ್ಬೇಕು ಅಂತ. 1935ರಲ್ಲಿ ಇದೇ ಊರಲ್ಲಿ ಹುಟ್ಟಿ 2019ರಲ್ಲಿ ಇದೇ ಊರಲ್ಲಿ ತೀರ್ಕೊಂಡ ಕಂಪೋಸರ್, ಏಳು ಸಿಂಫನಿ ಬರೆದವರು.

ಲಿಬರ್ಟಿ ಸ್ಕ್ವೇರ್‌ನಿಂದ ನಡ್ಕೊಂಡೇ ಹೋದ್ವಿ. ಮೊದಲು ಪಾರ್ಲಿಮೆಂಟ್ ಕಟ್ಟಡ ಸಿಗುತ್ತೆ, 1991ರ ಕೊನೆಗೆ ಅಂತರ್ಯುದ್ಧ ಶುರುವಾದಾಗ ಗುಂಡು ಹಾರಿದ್ದು ಇಲ್ಲೇ. ಅದೇ ವರ್ಷ ಕಾಂಚೇಲಿ ಬರ್ಲಿನ್‌ಗೆ ಹೋಗಿದ್ರು, ಆಮೇಲೆ 1995ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ಗೆ, ಅಲ್ಲೇ ವರ್ಷಗಟ್ಟಲೆ ಇದ್ದುಬಿಟ್ರು. ಸ್ವಲ್ಪ ಮುಂದೆ ಥಿಯೇಟರ್. 1971ರಿಂದ ಇಲ್ಲಿ ಮ್ಯೂಸಿಕ್ ನೋಡ್ಕೊಂಡು, ರಾಬರ್ಟ್ ಸ್ತುರುವಾ ನಿರ್ದೇಶನದ ನಾಟಕಗಳಿಗೆ ಸಂಗೀತ ಕೊಡ್ತಿದ್ರು. ಅವರ ಸಿಂಫನೀಲಿ ಉಸಿರಾಡೋ ಸದ್ದಿನಷ್ಟು ಮೆಲ್ಲಗೆ ನುಡಿಸ್ತಾ ಇದ್ದ ಆರ್ಕೆಸ್ಟ್ರಾ ಒಂದೇ ಸಲ ಎದೆ ನಡುಗೋ ಹಾಗೆ ಎದ್ದು ನಿಲ್ಲುತ್ತಲ್ಲ, ಎಲ್ಲಿವರೆಗೂ ಕಾಯಿಸ್ಬೇಕು, ಯಾವಾಗ ಎತ್ತಬೇಕು ಅನ್ನೋ ಆ ಹದ ರಂಗಭೂಮಿಯಿಂದಾನೇ ಬಂದಿರ್ಬೇಕು ಅಂತ ನನ್ನ ನಂಬಿಕೆ.

ತಂಗಿ ಬಾಡಿಗೆಗೆ ಇರೋ ಮನೆಯ ಅಜ್ಜೀನ ಹುಡುಗೀರೆಲ್ಲ ಬೆಬಿಯಾ ಅಂತಾನೇ ಕರೀತಾರೆ, ಜಾರ್ಜಿಯನ್‌ನಲ್ಲಿ ಅಜ್ಜಿ ಅಂತ ಅರ್ಥ. ಸಂಜೆ ಊಟಕ್ಕೆ ಖಾಚಾಪುರಿ, ಅಂದ್ರೆ ಚೀಸ್ ತುಂಬಿದ ರೊಟ್ಟಿ ಮಾಡಿದ್ರು. ಎಲ್ಲಿಗೆ ಹೋಗಿದ್ರಿ ಅಂತ ಕೇಳಿದ್ರು, ತಂಗಿ ಅವಳಿಗೆ ಬರೋ ಜಾರ್ಜಿಯನ್‌ನಲ್ಲಿ ಹೇಳಿದ್ಲು. ಕಾಂಚೇಲಿ ಹೆಸರು ಕೇಳಿದ್ದೇ ತಡ ಬೆಬಿಯಾ 'ಚಿತೋ ಗ್ವ್ರಿತೋ' ಹಾಡೋಕೆ ಶುರು! 1977ರ 'ಮಿಮಿನೋ' ಸಿನಿಮಾಗೆ ಅವರು ಮಾಡಿದ ಹಾಡು ಅದು, ನಟ, ಗಾಯಕ ಕಿಕಾಬಿದ್ಜೆ ಹಾಡಿದ್ದು. ಹಾಡಿ ಮುಗಿಸಿ, ಗಿಯಾ ಅವರದ್ದು ನಂಗೆ ಇದೇ ಇಷ್ಟ, ದೊಡ್ಡ ದೊಡ್ಡದೆಲ್ಲ ನಂಗೆ ಹತ್ತಲ್ಲಮ್ಮ ಅಂದ್ರಂತೆ.

ಆಗ ನಾನು ಫೋನಲ್ಲಿ 'ಸ್ಟಿಕ್ಸ್' ಹಾಕ್ದೆ. ಕಾಂಚೇಲಿಯದೇ 1999ರ ಕೃತಿ, ವಿಯೋಲಾ (ವಯೊಲಿನ್ ಥರದ್ದೇ, ಸ್ವಲ್ಪ ದೊಡ್ಡ ವಾದ್ಯ), ಕೋರಸ್, ಆರ್ಕೆಸ್ಟ್ರಾ ಮೂರೂ ಇರೋದು. ಯೂರಿ ಬಾಷ್ಮೆಟ್ ಅನ್ನೋ ವಿಯೋಲಾ ವಾದಕರಿಗೋಸ್ಕರ ಬರೆದಿದ್ದು. ಆ ಹೊತ್ತಿಗೆ ಕಾಂಚೇಲಿಯ ಗೆಳೆಯರು ಆವೆತ್ ತೆರ್ತೆರ್ಯಾನ್, ಆಲ್ಫ್ರೆಡ್ ಷ್ನಿಟ್ಕೆ ಇಬ್ರೂ ಹೋಗಿಬಿಟ್ಟಿದ್ರು, ಇಬ್ರೂ ಕಂಪೋಸರ್‌ಗಳೇ. ಗ್ರೀಕ್ ಪುರಾಣದಲ್ಲಿ ಸತ್ತವರು ದಾಟೋ ನದಿಯ ಹೆಸರು ಸ್ಟಿಕ್ಸ್, ಈ ದಡಕ್ಕೂ ಆ ದಡಕ್ಕೂ ಮಧ್ಯೆ ಮಾತಾಡೋದು ಒಂಟಿ ವಿಯೋಲಾ. ನಾನು ಇದನ್ನ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ, ಆದ್ರೆ ಕೋರಸ್ ಹಾಡೋ ಜಾರ್ಜಿಯನ್ ಪದಗಳು ನನಗೆ ಬರೀ ಸ್ವರ ಆಗಿದ್ವು. ಬೆಬಿಯಾ ಮಾತ್ರ ತಟ್ಟೆ ಪಕ್ಕಕ್ಕಿಟ್ಟು, ಬೆರಳೆತ್ತಿ ನಿಲ್ಲಿಸು ನಿಲ್ಲಿಸು ಅಂದ್ರು. ಇದು ಚರ್ಚಿನ ಹೆಸರು, ಇದು ಮಠ, ಇದು ನಮ್ಮ ಹಳೇ ಹಾಡು, ಒಂದೊಂದಕ್ಕೂ ನಿಲ್ಲಿಸಿ ತಂಗಿಗೆ ಹೇಳ್ತಾ ಹೋದ್ರು, ಅವಳು ನನಗೆ ಹೇಳಿದ್ಲು. ದೂರದ ಊರಲ್ಲಿದ್ದವರು ತಮ್ಮ ನೆಲದ ಹೆಸರುಗಳನ್ನ ಹೀಗೆ ಒಂದೊಂದಾಗಿ ಕರೆದಿದಾರೆ, ಜೊತೆಗೆ ಹೋದ ಗೆಳೆಯರ ಹೆಸರನ್ನೂ ಸೇರಿಸಿದಾರೆ ಅನ್ನೋದು ಆವತ್ತು ನನ್ನ ಕರುಳಿಗೆ ಮುಟ್ಟಿತು.

ಬೆಬಿಯಾ ಎದ್ದು ಒಳಗಿಂದ ಮೊಮ್ಮಗನ ಸ್ಪೀಕರ್ ತಂದ್ರು. ಮೊದಲಿಂದ ಹಾಕು, ಈ ಸಲ ಎಲ್ಲೂ ನಿಲ್ಲಿಸ್ಬೇಡ ಅಂದ್ರು.