ಜೋಮು ಎಲ್ಲಿ ಅಂತ ಮೊದಲೇ ಕೇಳಿ

ಮಡಿಕೇರಿ ಹತ್ತಿರದ ರೆಸಾರ್ಟ್ ಒಂದರಲ್ಲಿ ಸೈಕಲ್‌ಗಳ ಉಸ್ತುವಾರಿ ನನ್ನದು. ರಿಪೇರಿಯೂ ನಾನೇ, ರೈಡ್‌ನಲ್ಲಿ ಸ್ವೀಪ್, ಅಂದರೆ ಎಲ್ಲರ ಹಿಂದೆ ಬರುವವನೂ ನಾನೇ. ಹೋದ ಸೀಸನ್‌ಗೆ ಮುಂಚೆ ಮ್ಯಾನೇಜ್‌ಮೆಂಟ್‌ನವರು ಎಲ್ಲಾ ಸೈಕಲ್‌ಗೂ ದಪ್ಪ ಜೆಲ್ ಸೀಟು ತರಿಸಿದರು. 'ಸೀಟು ಗಟ್ಟಿ' ಅಂತ ಗೆಸ್ಟ್‌ಗಳು ಬರೆದುಕೊಟ್ಟಿದ್ದರಂತೆ. ಪರ್ಚೇಸ್‌ನವರು ಅಂಗಡಿಯಲ್ಲಿ ಹೆಬ್ಬೆರಳಲ್ಲಿ ಒತ್ತಿ ನೋಡಿ ಆರಿಸಿದರು. ಎಸ್ಟೇಟ್ ಒಳಗೆ ಅರ್ಧ ಗಂಟೆ ಸುತ್ತೋಕೆ ಅದು ಸಾಕು. ತಲಕಾವೇರಿ ರೈಡ್‌ಗೆ ಸಾಲದು.

ಆವತ್ತು ಬೆಂಗಳೂರಿನ ಒಬ್ಬ ಸಾರ್ ಹೆಂಡತಿ ಜೊತೆ ಬಂದಿದ್ದರು. ಬೆಟ್ಟಗೇರಿ ದಾಟುವಾಗಲೇ ಸೀಟಿನ ಮೇಲೆ ಅತ್ತಿತ್ತ ಜರುಗುತ್ತಿದ್ದರು. ಚೇರಂಬಾಣೆಯಲ್ಲಿ ಟೀಗೆ ನಿಂತಾಗ "ಸೀಟು ಸ್ವಲ್ಪ ತೊಂದರೆ ಕೊಡ್ತಿದೆ" ಅಂದರು. ನಾನು ಬಿಡಿಸಿ ಕೇಳಲಿಲ್ಲ. ರೂಢಿ ಇಲ್ಲದವರಿಗೆ ಇದ್ದದ್ದೇ ಅಂದುಕೊಂಡೆ. ಜೀಪಿನಿಂದ ಜೆಲ್ ಕವರ್ ತೆಗೆದು ಜೆಲ್ ಸೀಟಿನ ಮೇಲೇ ಹಾಕಿದೆ. ಮೆತ್ತಗಿದ್ದಷ್ಟೂ ಒಳ್ಳೇದು ಅಲ್ವಾ? ಅವರು ಥ್ಯಾಂಕ್ಸ್ ಬೇರೆ ಹೇಳಿದರು.

ಭಾಗಮಂಡಲದಿಂದ ಮೇಲಕ್ಕೆ 8 ಕಿಲೋಮೀಟರ್ ಏರು. ಅರ್ಧ ದಾರಿಯಲ್ಲಿ ಅವರು ಸೈಕಲ್ ಬಿಟ್ಟು ಮೋರಿ ಕಟ್ಟೆ ಹಿಡಿದು ನಿಂತರು. ಮುಖ ಬಿಳಿಚಿಕೊಂಡಿತ್ತು.

"ಎಂತ ಆಯ್ತು ಸಾರ್?"

"ಜೋಮು."

"ಕಾಲಿಗಾ?"

"ಅಲ್ಲ."

"ಕೈಗಾ? ಎಡಗೈಯಾ?"

ಅವರು ಮಾತಾಡಲಿಲ್ಲ, ಕಾಡಿನ ಕಡೆ ನೋಡುತ್ತಾ ನಿಂತರು. ನನಗೆ ಎದೆ ಝಲ್ ಅಂತು. ಹಾರ್ಟಿಂದೇ ಇರಬೇಕು ಅನ್ನಿಸಿಬಿಟ್ಟಿತು. ಲೀಡ್‌ನಲ್ಲಿದ್ದವನು ಆಗಲೇ ತಿರುವು ದಾಟಿದ್ದ. ಜೀಪ್ ಡ್ರೈವರ್‌ಗೆ ಫೋನ್ ಮಾಡಿದರೆ ನೆಟ್‌ವರ್ಕ್ ಇಲ್ಲ. ಅವರನ್ನು ಕೂರಿಸೋಕೆ ನೋಡಿದರೆ "ಕೂರಲ್ಲ, ಕೂರಲ್ಲ" ಅಂತ ಕೈ ಕೊಡವಿದರು. ಅಷ್ಟರಲ್ಲಿ ಮುಂದಿನಿಂದ ವಾಪಸ್ ಬಂದ ಮೇಡಂ ಸೈಕಲ್ ಇಳಿಯುತ್ತಲೇ, "ಮುಂದುಗಡೆ ಜೋಮಂತೆ, ಚೇರಂಬಾಣೆಯಿಂದ್ಲೂ. ಹೇಳ್ರೀ ಅಂದ್ರೆ ನಾಚಿಕೆ ಇವರಿಗೆ" ಅಂದರು.

ನಗು ಬಂತು, ನಗೋ ಹಾಗಿರಲಿಲ್ಲ.

ಕೂತಾಗ ನಮ್ಮ ಭಾರ ಹೊರಬೇಕಾದ್ದು ಕುಂಡೆಯ ಎರಡು ಮೂಳೆ. ಸೀಟು ತೀರಾ ಮೆತ್ತಗಿದ್ದರೆ ಆ ಮೂಳೆಗಳು ಒಳಗೆ ಹುದುಗುತ್ತವೆ, ನಡುವಿನ ಜೆಲ್ ಉಬ್ಬಿ ಮೇಲೆ ಬರುತ್ತದೆ. ಅದು ಒತ್ತೋದು ನರ, ರಕ್ತನಾಳ ಇರೋ ಜಾಗವನ್ನೇ. ಏರಿನಲ್ಲಿ ಇನ್ನೂ ಕಷ್ಟ. ಸೈಕಲ್ಲಿನ ಮುಂಭಾಗದ ಜೊತೆ ಸೀಟಿನ ಮೂತಿಯೂ ಎದ್ದಿರುತ್ತದೆ, ನಾವು ಮುಂದಕ್ಕೆ ಬಾಗಿರುತ್ತೇವೆ. ಸಾರ್ ಸೈಕಲ್ಲಿನ ಮೂತಿ ಸಮತಟ್ಟಿನಲ್ಲೇ ಒಂದು ಬೆರಳಷ್ಟು ಮೇಲಿತ್ತು. ಅದರ ಮೇಲೆ ನನ್ನ ಕವರ್ ಬೇರೆ!

ಕವರ್ ಕಿತ್ತು ಹಾಕಿದೆ. ನನ್ನ ಸೈಕಲ್ಲಿನ ಸೀಟು ಗಟ್ಟಿ, ನಡುವೆ ಸೀಳು ಇರೋದು. ಅಲೆನ್ ಕೀ ಹಾಕಿ ಅದನ್ನ ಅವರದಕ್ಕೆ ಕೂರಿಸಿ ಮಟ್ಟ ಮಾಡಿದೆ. ಆದರೂ ಅವರನ್ನು ಹತ್ತಿಸಲಿಲ್ಲ. ಜೋಮು ಬಂದಮೇಲೆ ತುಳಿಯಬಾರದು, ಇಳಿದು ನಿಲ್ಲಬೇಕು. ಅದು ಇಳಿಯದೇ ಇದ್ದರೆ ಡಾಕ್ಟರ್ ಹತ್ತಿರ ಹೋಗಬೇಕು. ಇವರಿಗೆ ಜೀಪ್ ಬರೋ ಹೊತ್ತಿಗೆ ಸರಿಹೋಯಿತು. ಮೇಲಕ್ಕೆ ಜೀಪಲ್ಲಿ ಹೋದರು, ಇಳಿಯುವಾಗ ನನ್ನ ಸೀಟಿನ ಮೇಲೆ ಆರಾಮಾಗಿ ಬಂದರು. ಆ ಜೆಲ್ ಸೋಫಾ ಮೇಲೆ ಬಂದವನು ನಾನು.

ಈಗ ಬ್ರೀಫಿಂಗ್‌ನಲ್ಲೇ ಕೇಳುತ್ತೇನೆ: ನೋವು ಬಂದರೆ ಹಿಂದೆ ಮೂಳೆಯಲ್ಲಾ, ಮುಂದುಗಡೆ ಜೋಮಾ? ಮೂಳೆ ನೋವು ಹೊಸಬರಿಗೆ ಒಂದಿಷ್ಟು ರೈಡ್‌ನಲ್ಲಿ ರೂಢಿಯಾಗುತ್ತದೆ, ಇಲ್ಲಾ ಸೀಟಿನ ಅಗಲ ತಪ್ಪಿರುತ್ತದೆ. ಅಗಲ ನೋಡೋಕೆ ಪಾರ್ಸೆಲ್ ಡಬ್ಬದ ರಟ್ಟು ಸಾಕು. ಮೆಟ್ಟಿಲ ಮೇಲೆ ರಟ್ಟಿಟ್ಟು, ಮಂಡಿ ಸ್ವಲ್ಪ ಎತ್ತಿ ಗಟ್ಟಿಯಾಗಿ ಕೂರಿ. ಎರಡು ಕುಳಿ ಬೀಳುತ್ತವೆ. ಅವುಗಳ ನಡುವಿನ ಅಳತೆಗೆ ಸುಮಾರು 20 ಮಿಲಿಮೀಟರ್ ಸೇರಿಸಿ. ಬೆನ್ನು ನೆಟ್ಟಗಿಟ್ಟು ಓಡಿಸುವವರಿಗೆ ಇನ್ನೂ ಸ್ವಲ್ಪ ಜಾಸ್ತಿ.

ಒಬ್ಬರು ಗೆಸ್ಟ್ ಬ್ರೂಕ್ಸ್ ಬಿ 17 ಚರ್ಮದ ಸೀಟು ತರಿಸಿ ಅಂದರು. ಒಳ್ಳೆ ಸೀಟೇ, ಪಳಗಿದರೆ ನಮ್ಮ ಮೈಗೆ ಹೊಂದಿಕೊಳ್ಳುತ್ತದೆ. ಆದರೆ ಆಟಿ ಮಳೆಗೆ ಬೀರುವಿನಲ್ಲಿಟ್ಟ ಬೆಲ್ಟಿಗೇ ಬೂಷ್ಟು ಬರುವ ಊರು ನಮ್ಮದು. ಬಾಡಿಗೆ ಸೈಕಲ್ಲಿನ ಚರ್ಮಕ್ಕೆ ದಿನಾ ಯಾರು ಒರೆಸುತ್ತಾ ಕೂರುತ್ತಾರೆ?

ಎರಡು ಅಗಲದ, ನಡುವೆ ಸೀಳಿರುವ ಸೀಟು ಬೇಕು ಅಂತ ಇಂಡೆಂಟ್ ಹಾಕಿದ್ದೇನೆ. ಮ್ಯಾನೇಜರ್ ಓದಿ, "ಸೀಟಲ್ಲಿ ತೂತಿದ್ರೆ ಗೆಸ್ಟ್ ಹರಿದಿದೆ ಅಂದ್ಕೊಳ್ಳಲ್ವಾ?" ಅಂತ ಕೇಳಿದರು. ಇನ್ನೂ ಸೈನ್ ಆಗಿಲ್ಲ.