ಹಿಟ್ಟಿನ ಮೇಲೆ ಬಾಲದ ಗೆರೆ

ಚೆಲ್ಲಿದ ಮೈದಾದ ಮೇಲೆ ಇಲಿ ನಡೆದರೆ ಗುರುತು ಹೇಗಿರುತ್ತದೆ ಎಂದು ನಮ್ಮ ಇಲಿ-ಕೀಟ ನಿಯಂತ್ರಣ ಕಂಪನಿಯ ಹೊಸ ಹುಡುಗರಿಗೆ ಪೌಡರ್ ಹರಡಿ ಕಲಿಸುವವನು ನಾನೇ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ನಡುವೆ ದಾರ ಎಳೆದಂತೆ ಬಾಲದ ಗೆರೆ. ಕಳೆದ ಮಳೆಗಾಲದ ಒಂದು ನಡುರಾತ್ರಿ ಮಡಗಾಂವ್ ಹತ್ತಿರದ ಹಳ್ಳಿಯ ಬೇಕರಿಯಲ್ಲಿ ಟಾರ್ಚ್ ಹಿಡಿದು ಅದೇ ಗುರುತನ್ನು ನೋಡುತ್ತ ನಿಂತಾಗ ಮಾತ್ರ ಕಲಿಸುವ ಹುಮ್ಮಸ್ಸು ಇರಲಿಲ್ಲ. ಇಲಿಯನ್ನು ಅಲ್ಲಿಗೆ ಕಳಿಸಿದ್ದೇ ನಾನು.

ಬೇಕರಿಯ ಜಾಗ ಗೋವಾದವರದು. ಬಾಡಿಗೆಗೆ ಹಿಡಿದು ನಡೆಸುವವರು ಗದಗ ಕಡೆಯ ಗಂಡ-ಹೆಂಡತಿ. ಕಟ್ಟಿಗೆ ಉರಿಸುವ ಹಳೆಯ ಭಟ್ಟಿ. ಮಳೆ ಹಿಡಿಯುವ ಮೊದಲೇ ಎರಡು ಟೆಂಪೊ ಗೇರು ಮತ್ತು ಮಾವಿನ ಕಟ್ಟಿಗೆ ತರಿಸಿ, ತೆಂಗಿನ ಸಿಪ್ಪೆಯ ಜೊತೆಗೆ ಚಪ್ಪರದಡಿ ಚಿರೆಕಲ್ಲಿನ ಗೋಡೆಗೆ ಒತ್ತಿ ಒಟ್ಟಿದ್ದರು. ಗೋಡೆಯ ಆಚೆ ಹಿಟ್ಟಿನ ಕೋಣೆ: ಮೈದಾ ಮೂಟೆ, ಪೊಯ್ ಎಂಬ ಗೋವಾದ ಬ್ರೆಡ್ಡಿನ ಮೇಲೆ ಉದುರಿಸುವ ಗೋಧಿ ತೌಡು, ರಾತ್ರಿ ಹಿಟ್ಟು ಹುದುಗಲು ಇಡುವ ಮರದ ಪೆಟ್ಟಿಗೆಗಳು. ಗೋಡೆ ಹೆಂಚಿನವರೆಗೆ ಏರಿರಲಿಲ್ಲ. ಮೇಲೆ ಒಂದು ಗೇಣು ಬಯಲು.

ಮೊದಲ ವಿಸಿಟ್‌ನಲ್ಲೇ ಎರಡು ಬಗೆಯ ಹಿಕ್ಕೆ ಸಿಕ್ಕಿತ್ತು. ಕೆಳಗೆ ದಪ್ಪನೆಯದು, ಪಕ್ಕದಲ್ಲೇ ಹೊಸ ಮಣ್ಣು ಕೆದರಿದ ಬಿಲ, ಅದು ಹೆಗ್ಗಣ. ರಾಶಿಯ ಮೇಲ್ಭಾಗದಲ್ಲಿ ತುದಿ ಚೂಪಾದ ಸಣ್ಣ ಹಿಕ್ಕೆ. ಅದು ಹತ್ತುವ ಜಾತಿ, ಮನೆ ಇಲಿ. ನಮ್ಮ ಆ್ಯಪ್‌ಗೆ ಈ ವ್ಯತ್ಯಾಸ ಬೇಡ. 'ರೋಡೆಂಟ್' ಎಂಬ ಒಂದೇ ಡಬ್ಬಿ, ಟಿಕ್ ಹಾಕಿದರೆ ಮುಂದಿನ ಪುಟ. ಗೋಡೆಯ ನೆತ್ತಿಯಲ್ಲಿ, ತೊಲೆ ಕೂರುವ ಕಡೆ, ಕರ್ರಗೆ ಜಿಡ್ಡಿನ ಪಟ್ಟಿ ಇತ್ತು. ಇಲಿಯ ಮೈ ಉಜ್ಜಿ ಉಜ್ಜಿ ಆಗುವ ಪಟ್ಟಿ ಅದು. ನೋಡಿದೆ. ಫೋಟೋ ಕೂಡ ತೆಗೆದೆ. ಅಷ್ಟಾದರೂ ಅದರ ಅರ್ಥ ತಲೆಗೆ ಹೋಗಲಿಲ್ಲ, ಯಾಕೆಂದರೆ ತಲೆಯಲ್ಲಿ ತಿಂಗಳ ಕೊನೆ ಕೂತಿತ್ತು.

ಬ್ರಾಂಚ್ ಮ್ಯಾನೇಜರ್‌ಗೆ 'ಬಿಫೋರ್' 'ಆಫ್ಟರ್' ಫೋಟೋ ಬೇಕು. ಮೂವತ್ತನೆಯ ತಾರೀಖಿನೊಳಗೆ ಟಿಕೆಟ್, ಅಂದರೆ ಆ್ಯಪ್‌ನಲ್ಲಿರುವ ಕೆಲಸದ ದಾಖಲೆ, ಕ್ಲೋಸ್ ಆಗಬೇಕು. ಚದುರಿದ ಕಟ್ಟಿಗೆ ಬಿಫೋರ್, ಒಪ್ಪವಾಗಿ ಒಟ್ಟಿದ ಕಟ್ಟಿಗೆ ಆಫ್ಟರ್: ಇಷ್ಟು ಚೆಂದದ ಫೋಟೋ ಇಲಿ ಕೆಲಸದಲ್ಲಿ ಅಪರೂಪ. ಹಾಸಿಗೆ ಎತ್ತಿದರೆ ಇಲಿ ಎಲ್ಲಿ ಮಲಗುತ್ತದೆ ಎಂದು ಹೆಲ್ಪರ್‌ಗೆ ದೊಡ್ಡ ಮಾತು ಬೇರೆ ಹೇಳಿದೆ. ಮಧ್ಯಾಹ್ನ ಮೂರಕ್ಕೆ ರಾಶಿ ಎಳೆಯಲು ಶುರು ಮಾಡಿದೆವು.

ಅರ್ಧ ರಾಶಿ ಇಳಿದಾಗ ಸಿಪ್ಪೆಯ ನಾರು, ಸಿಮೆಂಟ್ ಚೀಲದ ಚೂರುಗಳಿಂದ ಮಾಡಿದ ಗೂಡು ಕಂಡಿತು. ತಾಯಿ ಇಲಿ ಓಡಲಿಲ್ಲ. ಕಣ್ಣು ತೆರೆಯದ ಒಂದು ಕೆಂಪು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಗೋಡೆ ಹತ್ತಿತು, ಜಿಡ್ಡಿನ ಪಟ್ಟಿಯ ಮೇಲೆ ಹಾದು ಹೆಂಚಿನ ಸಂದಿಯಲ್ಲಿ ಮಾಯವಾಯಿತು, ಮರಳಿ ಬಂತು, ಇನ್ನೊಂದನ್ನು ಕಚ್ಚಿತು. ನಾವಿಬ್ಬರೂ ಕೈಯಲ್ಲಿ ಕಟ್ಟಿಗೆ ಹಿಡಿದು ಹಾಗೇ ನೋಡುತ್ತಿದ್ದೆವು. ಹೆಲ್ಪರ್ ಕೇಳಿದ, "ಸರ್, ಅದು ಎಲ್ಲಿಗೆ ಹೋಗುತ್ತಿದೆ?" ಹುಡುಗ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದ. "ಹೋಗಲಿ ಬಿಡು, ಖಾಲಿಯಾಯಿತಲ್ಲ" ಎಂದೆ. ಫೋಟೋ ಅಪ್‌ಲೋಡ್ ಮಾಡಿದೆ. ಟಿಕೆಟ್ ಕ್ಲೋಸ್.

ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. "ತಮ್ಮಾ, ಈಗಿಂದೀಗ ಬಾ" ಎಂದು ಬೇಕರಿಯ ಅಕ್ಕ ಅಂದದ್ದು ಅಷ್ಟೇ. ಮಳೆಯಲ್ಲಿ ಬೈಕ್ ಓಡಿಸಿಕೊಂಡು ಹೋದೆ. ಮೇಜಿನ ತುಂಬ ಹೆಜ್ಜೆ, ಬಾಲದ ಗೆರೆ. ಮೂರು ಪೆಟ್ಟಿಗೆಗಳ ಮೇಲಿನ ಬಟ್ಟೆ ಸರಿದಿತ್ತು. ಉಬ್ಬಿದ ಹಿಟ್ಟಿನ ಒಂದು ಮೂಲೆಯಲ್ಲಿ ಹಲ್ಲಿನ ಜೋಡಿ ಗೀರು. ಅಕ್ಕನ ಯಜಮಾನರು ಪೆಟ್ಟಿಗೆಗೆ ಕೈ ಹಾಕಲಿಲ್ಲ, ನನಗೆ ಬೈಯಲೂ ಇಲ್ಲ. ಭಟ್ಟಿಯ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಉಳಿದ ಪೆಟ್ಟಿಗೆಗಳನ್ನು ಬಳಸಬಹುದೇ ಎಂದು ಅಕ್ಕ ನನ್ನನ್ನು ಕೇಳಿದರು. ಇಲಿ ನಡೆಯುತ್ತಲೇ ಉಚ್ಚೆ ಹನಿಸುತ್ತದೆ, ಮಳೆಗಾಲದ ಇಲಿ ಜ್ವರ ಬರುವುದು ಆ ಉಚ್ಚೆಯಿಂದಲೇ, ಭಟ್ಟಿಗೆ ಹೋಗುವ ಮೊದಲು ಹಿಟ್ಟು ನಾದುವ ಕೈಗಳು ಇವರದೇ. ಬೇಡ ಎಂದೆ. ಆ ಒಂದು ಶಬ್ದ ಹೇಳಲು ಎಷ್ಟು ಹೊತ್ತು ಹಿಡಿಯಿತೋ. ಎಲ್ಲವನ್ನೂ ತೆಂಗಿನ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದೆವು. ಬೆಳಗ್ಗೆ ಐದಕ್ಕೆ ಪಾವ್ ಮಾರುವ ಹುಡುಗರು ಬಂದು, ಹಾರ್ನ್ ಒತ್ತದೆ, ಖಾಲಿ ಬುಟ್ಟಿಯ ಸೈಕಲ್ ತಳ್ಳಿಕೊಂಡು ಹೋದರು.

ಅಷ್ಟರಲ್ಲಿ ಮತ್ತೊಂದು. ಮೊದಲ ವಿಸಿಟ್‌ನಲ್ಲಿ ಕಟ್ಟಿಗೆಯ ಸಂದಿಗಳಲ್ಲಿ ನಾನೇ ವಿಷದ ರ‍್ಯಾಟ್ ಕೇಕ್ ತುರುಕಿದ್ದೆ. ಉರಿಸಲೆಂದು ಹೊತ್ತು ತಂದ ಹೊರೆಯಲ್ಲಿ ಸಿಕ್ಕ ನೀಲಿ ತುಂಡೊಂದನ್ನು ಅಕ್ಕ ಅಂಗೈಯಲ್ಲಿಟ್ಟು ತೋರಿಸಿದರು. "ಇದನ್ನೂ ಪಾವಿಗೇ ಹಾಕಬೇಕೇನು?"

ಮರುದಿನದಿಂದ ಮಾಡಿದ್ದನ್ನು ಮೊದಲ ದಿನವೇ ಮಾಡಬೇಕಿತ್ತು. ಗೋಡೆಯ ನೆತ್ತಿಗೆ ಕಾಲು ಇಂಚಿನ ಕಣ್ಣಿನ ಕಬ್ಬಿಣದ ಜಾಲರಿ, ತೊಲೆಯ ಸಂದಿಗಳಿಗೆ ಸ್ಟೀಲ್ ಜುಂಗು ತುರುಕಿ ಸಿಮೆಂಟ್. ತೌಡು ಮುಚ್ಚಳದ ಡ್ರಮ್ಮಿಗೆ. ಒಳಗೆ ವಿಷವೇ ಇಲ್ಲ, ಬರೀ ಹೊಡೆಯುವ ಬೋನು, ಗೋಡೆಗೆ ಅಡ್ಡಲಾಗಿ, ಕೊಬ್ಬರಿ ಚೂರು ಸಿಕ್ಕಿಸಿ. ಹೊಸ ವಸ್ತು ಕಂಡರೆ ಇಲಿ ದೂರ ಸುತ್ತುತ್ತದೆ, ಆದ್ದರಿಂದ ಮೂರು ರಾತ್ರಿ ಬೋನನ್ನು ಎಳೆದು ಕಟ್ಟದೆ ಹಾಗೇ ಬಿಟ್ಟೆ. ಆ್ಯಪ್ ಮೂರು ದಿನವೂ 'ನೋ ಕ್ಯಾಚ್' ಎಂದು ಕೆಂಪು ಗುರುತು ಕಳಿಸಿತು. ನಾಲ್ಕನೆಯ ರಾತ್ರಿ ಐದು ಬಿದ್ದವು. ಬ್ರೋಮಡಿಯೋಲೋನ್ ಎಂಬ ಇಲಿ ವಿಷದ ಕೇಕ್ ಹೊರಗಿನ ಬಿಲದ ಬಳಿ ಮಾತ್ರ, ಬೀಗದ ಪೆಟ್ಟಿಗೆಯಲ್ಲಿ, ತಂತಿಗೆ ಪೋಣಿಸಿ. ತಿಂದ ಹೆಗ್ಗಣ ಸಾಯಲು ನಾಲ್ಕಾರು ದಿನ ಬೇಕು. ರಾಶಿಯ ಹೊಟ್ಟೆಯಲ್ಲಿ ಸತ್ತರೆ ನಾರುವುದು ಅಕ್ಕನ ಮನೆಗೆ.

ಇಷ್ಟಾದ ಮೇಲೆ ಕಟ್ಟಿಗೆ: ಚಿರೆಕಲ್ಲಿನ ಮೇಲೆ ಹಲಗೆ ಹಾಸಿ ನೆಲದಿಂದ ಒಂದು ಅಡಿ ಎತ್ತರಕ್ಕೆ, ಗೋಡೆಯಿಂದ ಒಂದೂವರೆ ಅಡಿ ದೂರಕ್ಕೆ. ಹೆಲ್ಪರ್‌ಗೆ ಈ ಸಲ ಗಂಬೂಟು, ಕೈಗವಸು ಕೊಟ್ಟೆ. ಮೊದಲ ದಿನ ಅವನು ಹಿಮ್ಮಡಿ ಒಡೆದ ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡೇ ಆ ಕೆಸರಿನಲ್ಲಿ ನಿಂತಿದ್ದ. ಸರಕಾರಿ ಆರೋಗ್ಯ ಕೇಂದ್ರದ ವೈದ್ಯರು ಇಲಿ ಜ್ವರ ತಡೆಯಲು ಡಾಕ್ಸಿಸೈಕ್ಲಿನ್ ಎಂಬ ಔಷಧ ಬರೆದುಕೊಟ್ಟರು. ಎರಡು ವಾರ ದಿನಾ ಬೆಳಗ್ಗೆ "ಜ್ವರ ಇದೆಯೇನೋ?" ಎಂದು ಕೇಳಿದೆ. ಬರಲಿಲ್ಲ. ಅದು ನನ್ನ ಪುಣ್ಯ, ಜಾಣತನವಲ್ಲ.

ಈಗ ಹೋದಾಗಲೆಲ್ಲ ಅಕ್ಕ ಮೊದಲು ಟಾರ್ಚ್ ಕೊಡುತ್ತಾರೆ, ರಾಶಿಯ ಕೆಳಗೆ ಬಗ್ಗಿ ನೋಡಿದ ಮೇಲೆಯೇ ಚಹಾ. ಆ್ಯಪ್‌ನಲ್ಲಿ ಮೊದಲ ದಿನದ ಟಿಕೆಟ್ 'ಯಶಸ್ವಿ' ಎಂದೇ ಇದೆ. ಮ್ಯಾನೇಜರ್ ಆ ಆಫ್ಟರ್ ಫೋಟೋವನ್ನು ಮೀಟಿಂಗಿನಲ್ಲಿ ಎಲ್ಲರಿಗೂ ತೋರಿಸಿದರು. ಜಾಲರಿ, ಸಿಮೆಂಟಿಗೆ ನಾನು ಕೈಯಿಂದ ಹಾಕಿದ ದುಡ್ಡಿನ ವೋಚರ್ ಮಾತ್ರ ವಾಪಸ್ ಬಂದಿದೆ, ಕ್ಲೋಸ್ ಆದ ಟಿಕೆಟ್‌ಗೆ ಖರ್ಚು ಹಾಕಲು ಬರುವುದಿಲ್ಲವಂತೆ.