ರೊಂಡೊ ಬೀದಿಯ ಉತ್ತರ ಬದಿ

ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ನಾವು ಮನೆ ಕೊಂಡು ಒಂಬತ್ತು ವರ್ಷಗಳಾದ ಮೇಲೆ, ಅದರ ಮೂಲಪತ್ರಗಳನ್ನು ನಾನು ಮೊದಲ ಸಲ ಪೂರ್ತಿಯಾಗಿ ಓದಿದೆ. ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವ ಕೆಲಸಕ್ಕಾಗಿ ತರಿಸಿಕೊಂಡ ನಕಲುಗಳ ನಡುವೆ 1941ರಲ್ಲಿ ಬೆರಳಚ್ಚು ಮಾಡಿದ ಒಂದು ಹಾಳೆಯಿತ್ತು. ನಮ್ಮ ಕಡೆಯ ಕ್ರಯಪತ್ರಗಳಲ್ಲಿ ಚೆಕ್ಕುಬಂದಿಯ ವಿವರ ಮುಗಿದ ಮೇಲೆ ಷರತ್ತುಗಳು ಬರುವ ಹಾಗೆಯೇ ಅದರಲ್ಲಿಯೂ ಬಂದಿದ್ದವು. ಮನೆ ಬೀದಿಯಿಂದ ಇಷ್ಟು ಅಡಿ ಹಿಂದಿರಬೇಕು, ಕೋಳಿ ಸಾಕತಕ್ಕದ್ದಲ್ಲ ಎಂಬವುಗಳ ಕೆಳಗೆ, ಅದೇ ಮಸಿಯಲ್ಲಿ, ಅದೇ ಧಾಟಿಯಲ್ಲಿ, ಈ ಸ್ವತ್ತನ್ನು ಬಿಳಿಯ ಜನಾಂಗಕ್ಕೆ ಸೇರದ ಯಾರಿಗೂ ಮಾರತಕ್ಕದ್ದಲ್ಲ, ಬಾಡಿಗೆಗೆ ಕೊಡತಕ್ಕದ್ದಲ್ಲ, ಮನೆಗೆಲಸದವರ ಹೊರತು ಅಂಥ ಯಾರೂ ಇಲ್ಲಿ ವಾಸ ಮಾಡತಕ್ಕದ್ದಲ್ಲ ಎಂದು ಬರೆದಿತ್ತು. ಆ ಮನೆಯ ಅಡುಗೆಮನೆಯಲ್ಲಿಯೇ ಕುಳಿತು ನಾನು ಅದನ್ನು ಓದಿದ್ದು.

ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿಯೇ ಹೇಳಿತು. ಹೊಸದಾಗಿ ಬರೆಯುವುದನ್ನು ಮಿನ್ನೆಸೋಟ 1953ರಲ್ಲಿ ನಿಷೇಧಿಸಿತು. ಆದರೆ ಬರೆದದ್ದು ಕಡತದಲ್ಲಿ ಹಾಗೆಯೇ ಉಳಿದಿತ್ತು. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2016ರಿಂದ ಸ್ವಯಂಸೇವಕರ ನೆರವಿನಿಂದ ಹಳೆಯ ಪತ್ರಗಳನ್ನು ಒಂದೊಂದಾಗಿ ಓದಿಸಿ, ಇಂಥ ಸಾವಿರಾರು ಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿದ್ದಾರೆ. 2019ರ ಒಂದು ಕಾನೂನಿನ ಪ್ರಕಾರ ಮನೆಯ ಮಾಲೀಕರು ಅರ್ಜಿ ಸಲ್ಲಿಸಿ ಆ ಷರತ್ತನ್ನು ಬಿಡುಗಡೆ ಮಾಡಿಸಿಕೊಳ್ಳಬಹುದು. ನಾನು ಆ ಅರ್ಜಿಯ ನಮೂನೆಯನ್ನು ಮುದ್ರಿಸಿಕೊಳ್ಳಲು ಡೇಲ್ ಬೀದಿಯ ಮೂಲೆಯಲ್ಲಿರುವ ರೊಂಡೊ ಗ್ರಂಥಾಲಯಕ್ಕೆ ಹೋದೆ. ಮಗಳನ್ನು ಶನಿವಾರಗಳಂದು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದ ನನಗೆ, ರೊಂಡೊ ಎಂಬುದು ಹಣ ಕೊಟ್ಟ ಯಾರೋ ದಾನಿಯ ಹೆಸರಿರಬೇಕೆಂದೇ ಅಷ್ಟು ದಿನ ಅನಿಸಿತ್ತು.

ಅಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುವ ಒಬ್ಬ ಹಿರಿಯರಿದ್ದಾರೆ. ನಿವೃತ್ತ ಶಿಕ್ಷಕರು, ಎಪ್ಪತ್ತೈದು ದಾಟಿದವರು, ಕಪ್ಪು ಸಮುದಾಯದವರು. ನನ್ನ ಕೈಯಲ್ಲಿದ್ದ ನಮೂನೆಯನ್ನು ನೋಡಿ, ಮನೆ ಯಾವ ಬೀದಿಯಲ್ಲಿದೆ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೆ ಈಗ ಕಾರು ಓಡಿಸಲು ಆಗುವುದಿಲ್ಲ, ಮುಂದಿನ ಶನಿವಾರ ನಿಮಗೆ ಬಿಡುವಿದ್ದರೆ ನಾನು ಹುಟ್ಟಿದ ಮನೆಯ ಜಾಗಕ್ಕೆ ಕರೆದುಕೊಂಡು ಹೋಗಿ, ಆಮೇಲೆ ನಿಮ್ಮ ಬೀದಿಯನ್ನೂ ನೋಡೋಣ ಎಂದರು. ಈ ಎರಡಕ್ಕೂ ಏನು ಸಂಬಂಧ ಎಂಬುದು ಆಗ ನನಗೆ ತಿಳಿಯಲಿಲ್ಲ.

ಅಕ್ಟೋಬರಿನ ಆ ಶನಿವಾರ ಬಿಸಿಲಿತ್ತು, ಗಾಳಿ ಮಾತ್ರ ಕೊರೆಯುತ್ತಿತ್ತು. ಅವರು ಎದೆಯ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದವನ್ನು ತೆಗೆದರು. ಅದು ಅವರೇ ನೆನಪಿನಿಂದ ಬರೆದುಕೊಂಡ ನಕ್ಷೆ. ಒಂದು ಉದ್ದನೆಯ ಗೆರೆ, ಅದರ ಎರಡು ಬದಿಗೂ ಸಣ್ಣ ಚೌಕಗಳು, ಪ್ರತಿ ಚೌಕದೊಳಗೆ ಪೆನ್ಸಿಲಿನ ಅಕ್ಷರ: ಕ್ಷೌರದ ಅಂಗಡಿ, ಔಷಧಿ ಅಂಗಡಿ, ಪಿಯಾನೊ ಕಲಿಸುವವರ ಮನೆ, ಕೋಳಿ ಮಾರುವವನ ಮನೆ, ಅಜ್ಜಿಯ ಮನೆ, ನಮ್ಮ ಮನೆ. ಗೆರೆಯ ಕೆಳಗಿನ ಚೌಕಗಳಲ್ಲಿ ಕೆಲವು ಈಗಲೂ ಇವೆ ಎಂದರು. ಮೇಲಿನವುಗಳಲ್ಲಿ ಒಂದೂ ಇಲ್ಲ.

ಆ ಗೆರೆಯೇ ರೊಂಡೊ ಅವೆನ್ಯೂ. 1850ರ ದಶಕದ ಕೊನೆಯಲ್ಲಿ ಇಲ್ಲಿ ನೆಲೆಸಿದ ಜೋಸೆಫ್ ರೊಂಡೊ ಎಂಬ ಫ್ರೆಂಚ್ ಕೆನಡಾ ಮೂಲದವನಿಂದ ಬೀದಿಗೆ ಆ ಹೆಸರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರೈಲ್ವೆಯ ಕೆಲಸ ಹುಡುಕಿಕೊಂಡು ದಕ್ಷಿಣದಿಂದ ಬಂದ ಕಪ್ಪು ಕುಟುಂಬಗಳು ಈ ಬೀದಿಯ ಸುತ್ತ ಸೇರಿದವು, ಏಕೆಂದರೆ ಬೇರೆಡೆ ಅವರಿಗೆ ಮನೆ ಕೊಡುವವರಿರಲಿಲ್ಲ. 1950ರ ಹೊತ್ತಿಗೆ ಸೇಂಟ್ ಪಾಲ್‌ನ ಕಪ್ಪು ಜನರಲ್ಲಿ ಬಹುಪಾಲು ಇಲ್ಲಿಯೇ ಇದ್ದರು. ಮುಂದೆ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ನಾಯಕರಾಗಿ ನಾಗರಿಕ ಹಕ್ಕುಗಳ ಚಳವಳಿಯನ್ನು ಮುನ್ನಡೆಸಿದ ರಾಯ್ ವಿಲ್ಕಿನ್ಸ್ ಬೆಳೆದದ್ದು ಈ ಊರಿನಲ್ಲಿಯೇ. ಉಳ್ಳವರಿದ್ದ ಎತ್ತರದ ಭಾಗಕ್ಕೆ ‘ಓಟ್‌ಮೀಲ್ ಹಿಲ್’ ಎಂದೂ ಬಡವರಿದ್ದ ತಗ್ಗಿಗೆ ‘ಕಾರ್ನ್‌ಮೀಲ್ ವ್ಯಾಲಿ’ ಎಂದೂ ಜನರೇ ಹೆಸರಿಟ್ಟಿದ್ದರು. ನಮ್ಮಲ್ಲಿ ಅಕ್ಕಿ ಉಣ್ಣುವವರ ಕೇರಿ, ರಾಗಿ ಉಣ್ಣುವವರ ಕೇರಿ ಎಂದ ಹಾಗೆ. ಆ ಹೆಸರುಗಳನ್ನು ಹೇಳುವಾಗ ಅವರು ನಕ್ಕರು. ತಾವು ಜೋಳದ ಹಿಟ್ಟಿನ ಕಡೆಯವರು ಎಂದು ಸೇರಿಸಿದರು.

ಹೆದ್ದಾರಿಯ ಪಕ್ಕದಲ್ಲಿ 2018ರಲ್ಲಿ ಕಟ್ಟಿದ ರೊಂಡೊ ಸ್ಮಾರಕ ಚೌಕದ ಬಳಿ ಕಾರು ನಿಲ್ಲಿಸಿ, ಈಗ ಕಾನ್‌ಕಾರ್ಡಿಯ ಅವೆನ್ಯೂ ಎನಿಸಿಕೊಂಡಿರುವ ಸರ್ವಿಸ್ ರಸ್ತೆಯಲ್ಲಿ ನಡೆದೆವು. ನಮ್ಮ ಎಡಗಡೆ ತಂತಿಬೇಲಿ, ಅದರಾಚೆ ಇಳಿಜಾರು, ಕೆಳಗೆ ದೊಡ್ಡ ಕಾಲುವೆಯಂಥ ಹಳ್ಳದಲ್ಲಿ ಹರಿಯುವ ಇಂಟರ್‌ಸ್ಟೇಟ್ 94 ಹೆದ್ದಾರಿ. ಆ ಹಳ್ಳದೊಳಗಿನಿಂದ ನಾನು ವರ್ಷಗಟ್ಟಲೆ ಕೆಲಸಕ್ಕೆ ಹೋಗಿ ಬಂದಿದ್ದೇನೆ. ಕೆಳಗಿನಿಂದ ನೋಡಿದರೆ ಎರಡು ಕಡೆಯೂ ಹುಲ್ಲಿನ ಏರಿ ಮಾತ್ರ ಕಾಣುತ್ತದೆ, ಊರು ಕಾಣುವುದಿಲ್ಲ. ಅವರು ನಕ್ಷೆಯನ್ನು ಬೇಲಿಗೆ ಒತ್ತಿ ಹಿಡಿದು, ಅಡ್ಡಬೀದಿಗಳನ್ನು ಎಣಿಸುತ್ತ ಹೋದರು. ಒಂದು ಕಡೆ ನಿಂತು ಗಾಳಿಯಲ್ಲಿ ಬೆರಳಿಟ್ಟು, ಆ ಹಸಿರು ಫಲಕವಿದೆಯಲ್ಲ, ಅದಕ್ಕಿಂತ ಸ್ವಲ್ಪ ಈಚೆಗೆ ನಮ್ಮ ಜಗಲಿ ಎಂದರು. ಬೆರಳು ತೋರಿದ ಜಾಗ ನೆಲದ ಮಟ್ಟದಲ್ಲಿತ್ತು. ಈಗ ಅಲ್ಲಿ ನೆಲವಿಲ್ಲ.

ಗ್ರಾಟೊ ಬೀದಿಯ ಪಾದಚಾರಿ ಸೇತುವೆಯ ನಡುವೆ ನಿಂತು ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿ ಖಚಿತಪಡಿಸಿಕೊಂಡದ್ದನ್ನೂ ಸೇರಿಸಿ ಬರೆಯುತ್ತೇನೆ, ಏಕೆಂದರೆ ಅಭಿವೃದ್ಧಿಗೆ ಯಾರಾದರೂ ಜಾಗ ಬಿಡಲೇಬೇಕು, ಬೇರೆ ದಾರಿಯಿರಲಿಲ್ಲ ಎಂಬ ಮಾತು ಈ ಊರಿನ ಮಟ್ಟಿಗೆ ಸುಳ್ಳು. ಬೇರೆ ದಾರಿ ಇತ್ತು. ನಗರದ ಯೋಜನಾ ಎಂಜಿನಿಯರ್ ಆಗಿದ್ದ ಜಾರ್ಜ್ ಹೆರಾಲ್ಡ್ ಅವರೇ ಅದನ್ನು ತೋರಿಸಿದ್ದರು. ರಸ್ತೆಯನ್ನು ಇನ್ನೂ ಉತ್ತರಕ್ಕೆ, ರೈಲು ಹಳಿಗಳ ಪಕ್ಕದಲ್ಲಿ ಒಯ್ದರೆ ಮನೆಗಳನ್ನು ಕೆಡವಬೇಕಾದ್ದೇ ಇಲ್ಲವೆಂಬಷ್ಟು ಕಡಿಮೆ ಎಂದು ಅವರು ವಾದಿಸಿದರು. ಹೆಚ್ಚು ವಾಹನಗಳಿಗೆ ಅನುಕೂಲ, ನಗರದ ನಡುಭಾಗಕ್ಕೆ ನೇರ ಎಂಬ ಲೆಕ್ಕದಲ್ಲಿ ಸೇಂಟ್ ಆಂಟನಿ ಅವೆನ್ಯೂವಿನ ಮಾರ್ಗವೇ ಆಯ್ಕೆಯಾಯಿತು. ಅದು ರೊಂಡೊ ಕೇರಿಯನ್ನು ಉದ್ದಕ್ಕೆ ಸೀಳುವ ಮಾರ್ಗವಾಗಿತ್ತು. 1956ರ ಫೆಡರಲ್ ಹೆದ್ದಾರಿ ಕಾಯ್ದೆ ವೆಚ್ಚದ ಶೇಕಡ 90ನ್ನು ಕೇಂದ್ರ ಸರಕಾರವೇ ಕೊಡುತ್ತದೆ ಎಂದ ಮೇಲೆ ಯಾವ ನಗರಕ್ಕೂ ತಡೆದು ಯೋಚಿಸುವ ವ್ಯವಧಾನ ಉಳಿಯಲಿಲ್ಲ. ಕಪ್ಪು ಜನರಿದ್ದ ಬಡಾವಣೆಗಳ ನೆಲ ಅಗ್ಗವಾಗಿತ್ತು ಎಂಬುದೂ ನಿಜ. ಆದರೆ ಅದು ತಾನಾಗಿ ಅಗ್ಗವಾಗಿರಲಿಲ್ಲ. 1930ರ ದಶಕದಲ್ಲಿ ಫೆಡರಲ್ ಗೃಹಸಾಲ ಸಂಸ್ಥೆಯೊಂದು ಅಮೆರಿಕದ ನಗರಗಳ ನಕ್ಷೆಗಳಿಗೆ ಬಣ್ಣ ಹಚ್ಚಿದಾಗ ಇಂಥ ಬಡಾವಣೆಗಳಿಗೆ ಸಿಕ್ಕಿದ್ದು ಕೆಂಪು; ಅಲ್ಲಿ ಸಾಲ ಹುಟ್ಟುತ್ತಿರಲಿಲ್ಲ, ಸಾಲವಿಲ್ಲದೆ ರಿಪೇರಿಯಿಲ್ಲ, ರಿಪೇರಿಯಿಲ್ಲದ ಮನೆಗಳನ್ನು ತೋರಿಸಿ ಇದು ಕೊಳೆಗೇರಿ ಎಂದು ಹೇಳುವುದು ಸುಲಭವಾಯಿತು. ನಗರ ನವೀಕರಣ ಎಂಬ ಹೆಸರಿನ ನೆಲಸಮವೂ, ಹೆದ್ದಾರಿಯೂ ಈ ಒಂದೇ ಮಾತಿನ ಮೇಲೆ ಬಂದವು. ಡೆಟ್ರಾಯ್ಟ್‌ನ ಹೇಸ್ಟಿಂಗ್ಸ್ ಬೀದಿ, ನ್ಯೂ ಆರ್ಲಿಯನ್ಸ್‌ನ ಕ್ಲೇಬೋರ್ನ್ ಅವೆನ್ಯೂ, ಟಲ್ಸದ ಗ್ರೀನ್‌ವುಡ್ ಇವೆಲ್ಲ ಹೀಗೆಯೇ ರಸ್ತೆಯ ಕೆಳಗೆ ಹೋದವು.

ರೊಂಡೊದ ಜನ ಸುಮ್ಮನಿರಲಿಲ್ಲ. ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಫ್ಲಾಯ್ಡ್ ಮ್ಯಾಸಿ ಮತ್ತು ಕ್ಷೌರದ ಅಂಗಡಿ ನಡೆಸುತ್ತಿದ್ದ ತಿಮೊಥಿ ಹೊವರ್ಡ್ ಅವರ ಮುಂದಾಳತ್ವದಲ್ಲಿ ಸಂಘ ಕಟ್ಟಿ, ನ್ಯಾಯವಾದ ಬೆಲೆ ಕೊಡಿ, ಎದ್ದು ಹೋಗುವವರಿಗೆ ಮನೆ ಸಿಗುವಂತೆ ನೋಡಿಕೊಳ್ಳಿ, ಬಣ್ಣ ನೋಡಿ ಮನೆ ನಿರಾಕರಿಸುವುದನ್ನು ತಡೆಯುವ ಕಾನೂನು ಮಾಡಿ ಎಂದು ಕೇಳಿದರು. ಅವರು ಗೆದ್ದ ಮುಖ್ಯ ಸಂಗತಿ ಒಂದೇ: ಕಂಬಗಳ ಮೇಲೆ ಎತ್ತರಿಸಿ ಕಟ್ಟಬೇಕಾಗಿದ್ದ ರಸ್ತೆಯನ್ನು ನೆಲದೊಳಗೆ ಇಳಿಸಿ ಕಟ್ಟಲಾಯಿತು. ನಾನು ಅಷ್ಟು ವರ್ಷ ಓಡಾಡಿದ ಆ ಹಳ್ಳ, ಆ ಜನ ಹೋರಾಡಿ ಪಡೆದ ಹಳ್ಳ. 1956ರ ಸೆಪ್ಟೆಂಬರಿನಲ್ಲಿ, ಮನೆ ಬಿಡಲು ಒಪ್ಪದ ವೃದ್ಧ ಪಾದ್ರಿ ಜಾರ್ಜ್ ಡೇವಿಸ್ ಅವರನ್ನು ಹೊರಹಾಕಲು ಪೊಲೀಸರು ಕೊಡಲಿ, ಸುತ್ತಿಗೆಗಳನ್ನು ಹಿಡಿದು ಬಂದರು. ಬೇಲಿಯ ಬಳಿ ನನ್ನ ಜೊತೆ ನಿಂತಿದ್ದವರ ಕುಟುಂಬಕ್ಕೆ ಅಷ್ಟೊಂದು ಬಲಪ್ರಯೋಗ ಬೇಕಾಗಲಿಲ್ಲ. ಒಬ್ಬ ಅಧಿಕಾರಿ ಬಂದು ಬೆಲೆ ಹೇಳಿದ, ಅವರ ತಂದೆ ಸಹಿ ಹಾಕಿದರು. ಮನೆಯ ಹಿಂದಿನ ಕೋಣೆಯಲ್ಲಿ ಅಜ್ಜಿ ನಡೆಸುತ್ತಿದ್ದ ಹೊಲಿಗೆಯ ಕೆಲಸಕ್ಕೆ, ಅದಕ್ಕೆ ನಡೆದುಕೊಂಡು ಬರುತ್ತಿದ್ದ ಗಿರಾಕಿಗಳಿಗೆ ಬೆಲೆ ಕಟ್ಟುವ ಅಂಕಣ ಆ ಕಾಗದದಲ್ಲಿರಲಿಲ್ಲ. ಸರಕಾರಿ ಯೋಜನೆಗಳಿಂದ ಎದ್ದು ಹೋಗುವವರಿಗೆಲ್ಲ ಏಕರೂಪವಾಗಿ ಪುನರ್ವಸತಿ ನೆರವು ಕೊಡಬೇಕೆಂಬ ಫೆಡರಲ್ ಕಾನೂನು ಬಂದದ್ದು 1970ರಲ್ಲಿ. ರಸ್ತೆ 1968ರಲ್ಲಿಯೇ ತೆರೆದಾಗಿತ್ತು.

ಸೇಂಟ್ ಪಾಲ್‌ನ ಕಪ್ಪು ಜನರಲ್ಲಿ ಎಂಟರಲ್ಲಿ ಒಬ್ಬರು ಈ ಒಂದು ರಸ್ತೆಗಾಗಿ ಮನೆ ಕಳೆದುಕೊಂಡರು. ಹಾಗಾದರೆ ಅವರೆಲ್ಲ ಎಲ್ಲಿಗೆ ಹೋದರು ಎಂದು ನಾನು ಸೇತುವೆಯ ಮೇಲೆ ಕೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತ, ನಿಮ್ಮ ಬೀದಿಗಂತೂ ಬರಲಿಲ್ಲ ಎಂದರು. ಅವರ ದನಿಯಲ್ಲಿ ಕಹಿಯಿರಲಿಲ್ಲ, ನಡೆದದ್ದನ್ನು ಹೇಳಿದರು ಅಷ್ಟೆ. ಆದರೆ ಆ ಮಾತಿನಿಂದ ನನ್ನ ಅಡುಗೆಮನೆಯ ಮೇಜಿನ ಮೇಲಿದ್ದ ಹಾಳೆ ಮತ್ತು ಕೆಳಗೆ ಮೊರೆಯುತ್ತಿದ್ದ ರಸ್ತೆ ಎರಡೂ ಒಂದೇ ಕೆಲಸದ ಎರಡು ತುದಿಗಳೆಂಬುದು ನನಗೆ ಅರ್ಥವಾಯಿತು. ಮನೆಯಿಂದ ಎಬ್ಬಿಸಿದವರು ಕೈಯಲ್ಲಿ ಅಷ್ಟಿಷ್ಟು ಪರಿಹಾರದ ಹಣ ಹಿಡಿದು ಹೊರಟಾಗ ಊರಿನ ಒಳ್ಳೆಯ ಬೀದಿಗಳು ಮೊದಲೇ ಬಾಗಿಲು ಹಾಕಿಕೊಂಡಿದ್ದವು. ಕಾನೂನಿನ ಬಲ ಹೋದ ಮೇಲೂ ಮಾರುವವರ, ದಲ್ಲಾಳಿಗಳ ರೂಢಿಯಲ್ಲಿ ಆ ಷರತ್ತುಗಳು ಬದುಕಿದ್ದವು, ಮತ್ತು ಮನೆ ಮಾರುವಲ್ಲಿ ಭೇದ ಮಾಡಬಾರದೆಂಬ ಫೆಡರಲ್ ಕಾಯ್ದೆಯೂ ಬಂದದ್ದು ರಸ್ತೆ ತೆರೆದ ಅದೇ 1968ರಲ್ಲಿ. ಅವರ ಕುಟುಂಬ ಎರಡು ಕೋಣೆಯ ಬಾಡಿಗೆ ಮನೆಗೆ ಹೋಯಿತು. ತಂದೆ ಮತ್ತೆ ಎಂದೂ ಮನೆ ಕೊಳ್ಳಲಿಲ್ಲ. ನನ್ನಂಥವರಿಗೆ ಈ ದೇಶದ ಬಾಗಿಲು ತೆರೆದದ್ದು 1965ರ ವಲಸೆ ಕಾಯ್ದೆಯಿಂದ. ಆ ಕಾಯ್ದೆಗೆ ನೆಲ ಹದ ಮಾಡಿದ್ದು ಇವರ ತಲೆಮಾರಿನ ನಾಗರಿಕ ಹಕ್ಕುಗಳ ಹೋರಾಟ. ಆ ಹೋರಾಟದ ಫಲವನ್ನು ನಾನು ಮನೆಯ ರೂಪದಲ್ಲಿ ಅನುಭವಿಸುತ್ತಿದ್ದೇನೆ, ಹೋರಾಡಿದವರ ಮನೆ ಹಳ್ಳದಲ್ಲಿದೆ ಎಂಬುದನ್ನು ನಮ್ಮ ಕನ್ನಡಿಗರ ಕೂಟಗಳಲ್ಲಿ ನಾವು ಒಮ್ಮೆಯೂ ಆಡಿಕೊಂಡದ್ದಿಲ್ಲ.

2015ರಲ್ಲಿ ನಗರದ ಮೇಯರ್ ಮತ್ತು ರಾಜ್ಯದ ಸಾರಿಗೆ ಇಲಾಖೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ಹಳ್ಳದ ಮೇಲೆ ಅರ್ಧ ಮೈಲಿಯಷ್ಟು ಉದ್ದಕ್ಕೆ ಮುಚ್ಚಿಗೆ ಹಾಕಿ, ಅದರ ಮೇಲೆ ಮನೆ, ಅಂಗಡಿ, ಉದ್ಯಾನಗಳನ್ನು ಕಟ್ಟಿ ಎರಡು ಬದಿಗಳನ್ನು ಕೂಡಿಸಬೇಕೆಂದು ರೊಂಡೊದ ವಂಶಜರು ಶ್ರಮಿಸುತ್ತಿದ್ದಾರೆ; 2023ರಲ್ಲಿ ಅದರ ಯೋಜನೆಗೆಂದು ಫೆಡರಲ್ ಸರಕಾರ 20 ಲಕ್ಷ ಡಾಲರ್ ಕೊಟ್ಟಿತು. ಅದು ಆಗಲೆಂದು ನಾನು ಬಯಸುತ್ತೇನೆ. ಆ ಮನೆಗಳಿಗೆ ಮೊದಲ ಹಕ್ಕು ಯಾರದು ಎಂಬುದನ್ನು ಈಗಲೇ ಬರೆದಿಡಬೇಕು ಎಂಬುದು ಅವರ ಮಾತು, ನನ್ನದೂ.

ಮಧ್ಯಾಹ್ನ ಅವರನ್ನು ನಮ್ಮ ಬೀದಿಗೆ ಕರೆದುಕೊಂಡು ಬಂದೆ. ತಿರುವಿನಲ್ಲಿ ನಿಧಾನಕ್ಕೆ ಓಡಿಸಿ ಎಂದರು. ರೈಲಿನ ಊಟದ ಬೋಗಿಯಲ್ಲಿ ಕೆಲಸ ಮಾಡುತ್ತಿದ್ದ ಅವರ ತಂದೆ ರಜೆಯ ಭಾನುವಾರಗಳಲ್ಲಿ ಯಾರದೋ ಕಾರನ್ನು ಎರವಲು ತಂದು ಮಕ್ಕಳನ್ನು ಈ ಬೀದಿಗಳಲ್ಲಿ ಸುತ್ತಿಸುತ್ತಿದ್ದರಂತೆ. ಮನೆಗಳನ್ನು ತೋರಿಸುತ್ತಿದ್ದರು, ಆದರೆ ಕಾರನ್ನು ಎಲ್ಲಿಯೂ ನಿಲ್ಲಿಸುತ್ತಿರಲಿಲ್ಲ. ನಾನು ನಮ್ಮ ಮನೆಯ ಮುಂದೆ ನಿಲ್ಲಿಸಿದೆ. ಅವರು ಸ್ವಲ್ಪ ಹೊತ್ತು ಒಳಗೇ ಕುಳಿತಿದ್ದು, ಆಮೇಲೆ ಬಾಗಿಲು ತೆಗೆದು ಇಳಿದರು. ಮೆಟ್ಟಿಲ ಮೇಲೆ ಬಿದ್ದಿದ್ದ ಎಲೆಗಳನ್ನು ಕೋಲಿನಿಂದ ಬದಿಗೆ ಸರಿಸಿ, ಪಕ್ಕದ ಕಂಬಿ ಹಿಡಿದು ಹತ್ತಿದರು. ಅಡುಗೆಮನೆಯಲ್ಲಿ ನಾನು ಚಹಾಕ್ಕೆ ನೀರಿಟ್ಟೆ. ಮಗಳು ನಮ್ಮ ಅರ್ಜಿಯ ಕಾಗದಗಳನ್ನು ಒಂದು ಕಡೆಗೆ ಸರಿಸಿ ಜಾಗ ಮಾಡಿಕೊಟ್ಟಳು. ಅವರು ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ, ಅದರ ಮಡಿಕೆಗಳನ್ನು ಅಂಗೈಯಿಂದ ಸವರಿ, ಅಜ್ಜಿಯ ಮನೆಯಿಂದ ಶುರುಮಾಡಿ ಉತ್ತರ ಬದಿಯ ಚೌಕಗಳನ್ನು ಒಂದೊಂದಾಗಿ ಅವಳಿಗೆ ಓದಿ ಹೇಳತೊಡಗಿದರು.